20 ರೆಕಾರ್ಡಿನಲ್ಲೂ ಸಿಡಿ 0.98: ಮೆಕ್ಯಾನಿಕಲ್ ಲ್ಯಾಬಿನಲ್ಲಿ ನಾವು ಕಲಿಸುತ್ತಿರುವುದು ಏನನ್ನು?

ನೀರಲೆಕ್ಕ, ಮಂಗಳೂರು

ಎಲ್ಲರಿಗೂ ನಮಸ್ಕಾರ. ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನ ರೆಕಾರ್ಡ್ ತಿದ್ದುವ ಎಲ್ಲರಿಗೂ ಈ ಪ್ರಶ್ನೆ ಬಂದೇ ಬರುತ್ತದೆ, ಹಾಗಾಗಿ ಇಲ್ಲಿ ಇಡುತ್ತಿದ್ದೇನೆ. ಒಂದು ವೆಂಚುರಿಮೀಟರ್ (ನಡುವೆ ಕಿರಿದಾಗುವ ಕೊಳವೆಯಲ್ಲಿ ಒತ್ತಡದ ಇಳಿತ ನೋಡಿ ಹರಿವು ಅಳೆಯುವ ಸಾಧನ), 20 ಮಂದಿಯ ಬ್ಯಾಚ್, ಎರಡು ಗಂಟೆ. ರೆಕಾರ್ಡ್ ಬರುವಾಗ ಎಲ್ಲರ ಸಿಡಿಯೂ (ಕೋಎಫಿಶಿಯೆಂಟ್ ಆಫ್ ಡಿಸ್ಚಾರ್ಜ್, ಅಂದರೆ ನಿಜವಾದ ಹರಿವನ್ನು ಸೂತ್ರದ ಹರಿವಿನಿಂದ ಭಾಗಿಸಿದ್ದು) 0.97, 0.98. ಅದೇ ಸೆಟ್ಟಿನಲ್ಲಿ ನಿಂತು ಪ್ರಾಮಾಣಿಕವಾಗಿ ರೀಡಿಂಗ್ ತೆಗೆದರೆ 0.91ರಿಂದ 1.04ರ ತನಕ ಹರಡಿಕೊಳ್ಳುತ್ತದೆ. ಅಂದರೆ ಮಕ್ಕಳು ಉತ್ತರವನ್ನು ಮೊದಲು ಬರೆದುಕೊಂಡು ರೀಡಿಂಗನ್ನು ಆಮೇಲೆ ಕೂರಿಸುತ್ತಿದ್ದಾರೆ. ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ, 0.98ಕ್ಕೆ ಮಾರ್ಕು ಕೊಡುವವರು ನಾವೇ.

ಸೆಟ್ಟಿನ ವಿವರ: ಒಳದಾರಿ 25 ಮಿ.ಮೀ., ಥ್ರೋಟ್ (ಕಿರಿದಾದ ನಡು) 12.5 ಮಿ.ಮೀ., ಪಾದರಸದ ಯು-ಟ್ಯೂಬ್ ಮ್ಯಾನೋಮೀಟರ್, 30 ಸೆಂ.ಮೀ. ಚೌಕದ ಕಲೆಕ್ಟಿಂಗ್ ಟ್ಯಾಂಕ್. 100 ಮಿ.ಮೀ. ಏರಲು ಎಷ್ಟು ಸೆಕೆಂಡು ಎಂದು ನೋಡುವುದು. ಕೇಳಬೇಕಾದ್ದು ಎರಡು. ಈ ಸೆಟ್ಟಿನಲ್ಲಿ ನಿಜಕ್ಕೂ ಎಷ್ಟು ಬರಬೇಕು? ಸುಳ್ಳು ರೀಡಿಂಗ್ ಬರೆಯುವ ಅಗತ್ಯವೇ ಬಾರದ ಹಾಗೆ ಪ್ರಯೋಗವನ್ನು ಹೇಗೆ ಬದಲಿಸಬಹುದು?

ಕಡಲತಡಿ

ಸರ್, ಮೊದಲ ಪ್ರಶ್ನೆಯಲ್ಲೇ ಎರಡನೆಯದರ ಅರ್ಧ ಉತ್ತರ ಇದೆ.

0.98 ಎಂಬ ಸಂಖ್ಯೆ ಎಲ್ಲಿಂದ ಬಂತು ನೋಡೋಣ. ಐಎಸ್‌ಓ 5167 ಮಾನದಂಡದಲ್ಲಿ ಮೆಷಿನ್ ಮಾಡಿದ ವೆಂಚುರಿಗೆ 0.995, ಎರಕ ಹೊಯ್ದದ್ದಕ್ಕೆ 0.984 ಎಂದಿದೆ. ಆದರೆ ಮೊದಲನೆಯದಕ್ಕೆ ಪೈಪ್ ಕನಿಷ್ಠ 50 ಮಿ.ಮೀ., ಎರಡನೆಯದಕ್ಕೆ 100 ಮಿ.ಮೀ. ಇರಬೇಕು, ಎರಡಕ್ಕೂ ಪೈಪಿನ ರೆನಾಲ್ಡ್ಸ್ ಸಂಖ್ಯೆ (ಹರಿವಿನ ವೇಗ, ಪೈಪಿನ ವ್ಯಾಸ, ನೀರಿನ ಸ್ನಿಗ್ಧತೆ ಸೇರಿದ ಸಂಖ್ಯೆ) 2 ಲಕ್ಷ ದಾಟಿರಬೇಕು. ನಿಮ್ಮ 25 ಮಿ.ಮೀ. ಪೈಪಿನಲ್ಲಿ ಸೆಕೆಂಡಿಗೆ 0.45 ಲೀಟರ್ ಹರಿದರೂ ರೆನಾಲ್ಡ್ಸ್ ಸಂಖ್ಯೆ 30 ಸಾವಿರವನ್ನು ಮುಟ್ಟುವುದಿಲ್ಲ. ಚಿಕ್ಕ ಪೈಪ್, ನಿಧಾನದ ಹರಿವು ಎಂದಾಗ ಘರ್ಷಣೆಯ ಪಾಲು ಹೆಚ್ಚು, ಸಿಡಿ ಕಡಿಮೆ. ಈ ಸೆಟ್ಟು 0.98 ಕೊಡಲೇಬೇಕು ಎಂದು ಯಾವ ಶಾಸ್ತ್ರವೂ ಹೇಳಿಲ್ಲ.

ಇನ್ನು ಹರಡುವಿಕೆ. 0.45 ಲೀಟರ್ ಹರಿವಿಗೆ 100 ಮಿ.ಮೀ. ಏರಲು 20 ಸೆಕೆಂಡು. ಸಿಡಿ 0.96 ಎಂದು ಹಿಡಿದರೆ ನೀರಿನ ಹೆಡ್ (ಒತ್ತಡದ ವ್ಯತ್ಯಾಸ, ನೀರಿನ ಎತ್ತರದಲ್ಲಿ) ಸುಮಾರು 0.70 ಮೀಟರ್, ಪಾದರಸದಲ್ಲಿ 12.6ರಿಂದ (ಪಾದರಸದ 13.6ರಲ್ಲಿ ನೀರಿನ 1 ಕಳೆದದ್ದು) ಭಾಗಿಸಿದರೆ 55 ಮಿ.ಮೀ. ಪ್ರತಿ ಕಾಲಿನಲ್ಲಿ ಓದುವಾಗ 1 ಮಿ.ಮೀ. ಆಚೀಚೆ ಆದರೆ ವ್ಯತ್ಯಾಸದಲ್ಲಿ 1.4 ಮಿ.ಮೀ., ಅಂದರೆ ಶೇ. 2.5. ವರ್ಗಮೂಲದ ಕೆಳಗಿರುವುದರಿಂದ ಸಿಡಿಗೆ ತಟ್ಟುವುದು ಅದರ ಅರ್ಧ, ಶೇ. 1.3. ಸ್ಟಾಪ್‌ವಾಚಿನ 0.2 ಸೆಕೆಂಡಿಗೆ ಶೇ. 1. ಗೇಜ್ ಗ್ಲಾಸಿನ ಎರಡು ಗುರುತಿಗೆ ಸೇರಿ ಶೇ. 1.4. ವರ್ಗ ಮಾಡಿ ಕೂಡಿಸಿ ಮೂಲ ತೆಗೆದರೆ ಶೇ. 2ಕ್ಕಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಪ್ರಾಮಾಣಿಕ ಉತ್ತರ 0.96 ಆಚೀಚೆ 0.02.

ಈಗ ವಾಲ್ವ್ ತಿರುಗಿಸಿ ಹರಿವನ್ನು 0.15 ಲೀಟರಿಗೆ ಇಳಿಸಿ. ಹೆಡ್ ಹರಿವಿನ ವರ್ಗದಂತೆ ಇಳಿಯುವುದರಿಂದ ಒಂಬತ್ತರಲ್ಲಿ ಒಂದು ಪಾಲು, ಬರೇ 6 ಮಿ.ಮೀ. ಪಾದರಸ. ಅದೇ 1.4 ಮಿ.ಮೀ. ತಪ್ಪು ಈಗ ಶೇ. 23, ಸಿಡಿಯಲ್ಲಿ ಶೇ. 11. ನಿಮಗೆ ಕಂಡ 0.91 ಮತ್ತು 1.04 ಹೆಚ್ಚಾಗಿ ಈ ಕೆಳಗಿನ ಹರಿವಿನವು. ಮ್ಯಾನುಯಲಿನಲ್ಲಿ ಐದು ರೀಡಿಂಗ್ ತೆಗೆದು ಸರಾಸರಿ ಮಾಡಿ ಎಂದಿರುತ್ತದಲ್ಲ, ಶೇ. 2ರ ರೀಡಿಂಗನ್ನೂ ಶೇ. 11ರ ರೀಡಿಂಗನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಆ ಸಾಲನ್ನು ಮೊದಲು ಹೊಡೆದುಹಾಕಬೇಕು.

ಅದರ ಬದಲು ಗ್ರಾಫ್. ಅಡ್ಡಕ್ಕೆ ಹರಿವಿನ ವರ್ಗ, ಮೇಲಕ್ಕೆ ಪಾದರಸದ ವ್ಯತ್ಯಾಸ. ಗೆರೆ ನೇರ ಬರಬೇಕು, ಸೊನ್ನೆಯ ಮೂಲಕ ಹಾಯಬೇಕು. ಸಿಡಿ ಸಿಗುವುದು ಗೆರೆಯ ಇಳಿಜಾರಿನಿಂದ. ಗೆರೆ ಸೊನ್ನೆ ತಪ್ಪಿಸಿ 4 ಮಿ.ಮೀ. ಮೇಲೆ ಕಡಿದರೆ ಅದು ವೆಂಚುರಿಯ ಗುಣವಲ್ಲ, ಮ್ಯಾನೋಮೀಟರಿನ ನೇರ ನಿಂತ ಟ್ಯೂಬಿನಲ್ಲಿ ಸುಮಾರು 50 ಮಿ.ಮೀ. ಗಾಳಿ ಸಿಕ್ಕಿಹಾಕಿಕೊಂಡಿದೆ. 50 ಭಾಗಿಸು 12.6. ಒಂದು ಗೆರೆ ನೋಡಿ ಪೈಪಿನೊಳಗಿನ ಗುಳ್ಳೆಯ ಉದ್ದ ಹೇಳಬಹುದು ಎಂದು ಗೊತ್ತಾದ ಹುಡುಗಿ ಮತ್ತೆ ರೀಡಿಂಗ್ ಕಟ್ಟಿ ಬರೆಯುವುದಿಲ್ಲ, ಅದು ನನ್ನ ನಂಬಿಕೆ.

ಬೈಕಂಪಾಡಿ ಫಿಟ್ಟರ್

ಗಾಳಿಯ ವಿಷಯ ಬಂತಲ್ಲ, ಅದನ್ನು ತೆಗೆಯುವ ಕ್ರಮ ಉಂಟು ಮಾರಾಯ್ರೇ, ಅದನ್ನೇ ಯಾರೂ ಸರಿಯಾಗಿ ತೋರಿಸಿಕೊಡುದಿಲ್ಲ.

ಪಂಪ್ ಚಾಲು ಮಾಡಿ ಡೆಲಿವರಿ ವಾಲ್ವ್ ಅರ್ಧ ತೆರೆಯಿರಿ. ಮ್ಯಾನೋಮೀಟರಿನ ಮೇಲ್ತುದಿಯ ಎರಡು ಗಾಳಿ ಕಾಕ್ ಉಂಟಲ್ಲ, ಅದನ್ನು ಎರಡು ಕೈಯಲ್ಲಿ ಒಟ್ಟಿಗೆ, ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಒಂದನ್ನು ಮಾತ್ರ ತೆರೆದರೆ ಪಾದರಸ ಆ ಕಾಲಿಗೆ ಹಾರಿ ಟ್ಯಾಂಕಿಗೆ ಹೋಗ್ತದೆ, ಹೋದದ್ದು ಮತ್ತೆ ಸಿಗುದಿಲ್ಲ. ಗುಳ್ಳೆ ನಿಂತು ಬರೇ ನೀರು ಬಂದ ಮೇಲೆ ಎರಡೂ ಒಟ್ಟಿಗೆ ಮುಚ್ಚಿ. ಆಮೇಲೆ ಪಂಪ್ ಓಡುತ್ತಿರುವಾಗಲೇ ಹೊರ ವಾಲ್ವ್ ಪೂರ್ತಿ ಮುಚ್ಚಿ ನೋಡಿ. ಹರಿವು ಇಲ್ಲ, ಹಾಗಾದರೆ ಎರಡು ಕಾಲಿನ ಪಾದರಸ ಸಮ ನಿಲ್ಲಬೇಕು. ಸಮ ಇಲ್ಲದಿದ್ದರೆ ಇನ್ನೂ ಗಾಳಿ ಉಂಟು ಅಂತ ಅರ್ಥ, ರೀಡಿಂಗ್ ಶುರು ಮಾಡ್ಬೇಡಿ.

ಮತ್ತೊಂದು, ಟ್ಯಾಂಕಿನ ಡ್ರೈನ್ ವಾಲ್ವ್. ಮುಚ್ಚಿ ಐದು ನಿಮಿಷ ಬಿಡಿ. 5 ಮಿ.ಮೀ. ಇಳಿದರೆ 450 ಮಿಲಿ ಸೋರಿತು ಅಂತ ಲೆಕ್ಕ. ಜೋರು ಹರಿವಲ್ಲಿ ಅದು ಶೇ. 0.3, ಗೊತ್ತೇ ಆಗುದಿಲ್ಲ. ನಿಧಾನದ ಹರಿವಲ್ಲಿ ಶೇ. 1 ಆಗ್ತದೆ. ವಾಷರ್ ಬದಲಿಸಿದರೆ ಸಾಕು.

ಮಳೆಗಾಲದಲ್ಲಿ ಸಂಪ್ ಟ್ಯಾಂಕಿಗೆ ಬಾವಿ ನೀರು ಬಿಟ್ಟರೆ ಕೆಂಪು ಕೆಸರು ಬರ್ತದೆ. ಅದು ಹೋಗಿ ಕೂರುದು ಥ್ರೋಟಿನಲ್ಲಿ ಒತ್ತಡ ಹಿಡಿಯುವ ಸಣ್ಣ ತೂತಿನಲ್ಲಿ. ವಾಲ್ವ್ ತಿರುಗಿಸಿದಾಗ ಪಾದರಸ ತಟ್ಟನೆ ಏಳದೆ ಸೋಮಾರಿ ಹಾಗೆ ನಿಧಾನಕ್ಕೆ ಎದ್ದರೆ ತೂತು ಕಟ್ಟಿದೆ ಅಂತಲೇ ಹೇಳಬಹುದು. ತೆಳು ತಾಮ್ರದ ತಂತಿಯಲ್ಲಿ ಬಿಡಿಸಿ. ಡ್ರಿಲ್ ಬಿಟ್ ಹಾಕಿದರೆ ಅಂಚಿಗೆ ಬರ್ (ಲೋಹದ ಮುಳ್ಳು) ಎದ್ದು ಒತ್ತಡದ ರೀಡಿಂಗೇ ಶಾಶ್ವತ ತಪ್ಪು.

ನೀರಲೆಕ್ಕ

ಪಂಪ್ ಓಡುತ್ತಿರುವಾಗ ಹೊರ ವಾಲ್ವ್ ಮುಚ್ಚಿ ಸೊನ್ನೆ ನೋಡುವುದು ಯಾವ ಮ್ಯಾನುಯಲಿನಲ್ಲೂ ಕಾಣಲಿಲ್ಲ. ಬರೆದುಕೊಂಡೆ. ಪಾದರಸವನ್ನೇ ತೆಗೆದರೆ ಹೇಗೆ?

ಕಡಲತಡಿ

ತೆಗೆಯಲೇಬೇಕು ಎಂಬುದು ನನ್ನ ಅಭಿಪ್ರಾಯ. ತಲೆಕೆಳಗಾದ ಯು-ಟ್ಯೂಬಿನಲ್ಲಿ ಮೇಲೆ ಗಾಳಿ, ಕೆಳಗೆ ನೀರು ಇಟ್ಟರೆ 55 ಮಿ.ಮೀ. ಬದಲು 700 ಮಿ.ಮೀ. ಓದುತ್ತೀರಿ. ಓದುವ ತಪ್ಪು ಅಷ್ಟೇ ಪಟ್ಟು ಕಡಿಮೆ. ಒಂದು ಮೀಟರ್ ಎತ್ತರದ ಹಲಗೆ, ಪಾರದರ್ಶಕ ನಳಿಗೆ, ಮೇಲೆ ಗಾಳಿ ತುಂಬಲು ಸೈಕಲ್ ವಾಲ್ವ್ ಸಾಕು. ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನೇ.

ಅಷ್ಟರವರೆಗೆ ಪಾದರಸ ಇರುವ ಲ್ಯಾಬಿನವರು ಗಮನಿಸಿ. ಚೆಲ್ಲಿದರೆ ಹಿಡಿಸೂಡಿಯಲ್ಲಿ ಗುಡಿಸಬಾರದು, ವ್ಯಾಕ್ಯೂಮ್ ಕ್ಲೀನರ್ ಹಾಕಲೇಬಾರದು, ಹನಿ ಒಡೆದು ಆವಿ ಹೆಚ್ಚುತ್ತದೆ. ಫ್ಯಾನ್ ಆರಿಸಿ, ಕಿಟಕಿ ತೆರೆದು, ರಟ್ಟಿನ ತುಂಡಿನಿಂದ ಹನಿಗಳನ್ನು ಒಂದಾಗಿಸಿ ಡ್ರಾಪರಿನಲ್ಲಿ ಎತ್ತಿ ನೀರಿರುವ ಮುಚ್ಚಳದ ಬಾಟ್ಲಿಗೆ ಹಾಕಿ. ಸಂದಿಯಲ್ಲಿ ಉಳಿದದ್ದಕ್ಕೆ ಗಂಧಕದ ಪುಡಿ. ಚಿನ್ನದ ಉಂಗುರ ಮೊದಲೇ ತೆಗೆದಿಡಬೇಕು.

ಐದನೇ ಸೆಮ್

ಸರ್, ಮೇಡಂ, ಇಷ್ಟೆಲ್ಲ ಓದಿದ ಮೇಲೆ ಒಂದು ಕೇಳ್ತೇನೆ. ನಾವು 0.93 ಬರೆದು ತಂದರೆ "ಪುನಃ ಮಾಡು" ಅಂತ ವಾಪಸ್ ಕೊಡ್ತಾರೆ. ಪುನಃ ಮಾಡಲಿಕ್ಕೆ ಸೆಟ್ ಖಾಲಿ ಇರುದಿಲ್ಲ. ಮತ್ತೆ ಎಂತ ಮಾಡುದು?

ಕಡಲತಡಿ

ನಿಮ್ಮ ಪ್ರಶ್ನೆ ಸರಿಯಾಗಿದೆ, ಉತ್ತರ ಕೊಡಬೇಕಾದವರು ಅಧ್ಯಾಪಕರು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನ ಐಪಿಸಿಸಿ (ಥಿಯರಿ, ಲ್ಯಾಬ್ ಎರಡೂ ಸೇರಿದ) ವಿಷಯಗಳಲ್ಲಿ ಲ್ಯಾಬ್ ಭಾಗಕ್ಕೆ ಬೇರೆ ಅಂತಿಮ ಪ್ರಾಯೋಗಿಕ ಪರೀಕ್ಷೆ ಇಲ್ಲ, ಮಾರ್ಕು ಸಿಐಇಯಲ್ಲಿ (ಕಾಲೇಜಿನ ಆಂತರಿಕ ಮೌಲ್ಯಮಾಪನದಲ್ಲಿ). ಅಂದರೆ ಮಾರ್ಕಿನ ಕೋಲು ಕಾಲೇಜಿನ ಕೈಯಲ್ಲೇ ಇದೆ. ಪ್ರಯೋಗ ಮತ್ತು ರೆಕಾರ್ಡಿಗೆ 15 ಇದ್ದರೆ ಹೀಗೆ ಹಂಚಿ ನೋಡಬಹುದು: ಯಂತ್ರ ನಿಲ್ಲಿಸುವ ಮೊದಲೇ ಗ್ರಾಫಿನಲ್ಲಿ ಬಿಂದು ಹಾಕಿದ್ದಕ್ಕೆ 5, ಗೆರೆ ತಪ್ಪಿದ ಬಿಂದುವಿಗೆ ಕಾರಣ ಹುಡುಕಿ ಅದನ್ನು ಪರೀಕ್ಷಿಸಿದ್ದಕ್ಕೆ 5, ಲೆಕ್ಕ ಮತ್ತು ಆಚೀಚೆಯ ಅಂದಾಜಿಗೆ 3, ಬರಹಕ್ಕೆ 2. ಉತ್ತರ ಪುಸ್ತಕಕ್ಕೆ ಎಷ್ಟು ಹತ್ತಿರ ಎಂಬುದಕ್ಕೆ ಸೊನ್ನೆ.

"ಮಾನವ ದೋಷ" ಎಂದು ಕಾರಣ ಬರೆದರೆ ಆ 5ರಲ್ಲಿ ಒಂದೂ ಇಲ್ಲ. ಯಾವ ಅಳತೆಯಲ್ಲಿ, ಎಷ್ಟು, ಯಾವ ದಿಕ್ಕಿಗೆ, ಈ ಮೂರೂ ಇರಬೇಕು.

ಮಣಿಪಾಲ ಥರ್ಮಲ್

ಹೀಟ್ ಟ್ರಾನ್ಸ್‌ಫರ್ ಲ್ಯಾಬಿನ ನ್ಯಾಚುರಲ್ ಕನ್ವೆಕ್ಷನ್ (ಬಿಸಿ ಗಾಳಿ ತಾನಾಗಿ ಮೇಲೇರಿ ಶಾಖ ಒಯ್ಯುವುದು) ಪ್ರಯೋಗವನ್ನು ಸೇರಿಸುತ್ತೇನೆ. ನಮ್ಮ ಕರಾವಳಿಯಲ್ಲಿ ಅದನ್ನು ಕೆಡಿಸುವ ವಸ್ತು ತಲೆಯ ಮೇಲೆಯೇ ತಿರುಗುತ್ತಿರುತ್ತದೆ.

38 ಮಿ.ಮೀ. ವ್ಯಾಸ, 500 ಮಿ.ಮೀ. ಉದ್ದದ ನೇರ ನಿಂತ ಕೊಳವೆ, ಮೇಲ್ಮೈ ಸುಮಾರು 0.06 ಚದರ ಮೀಟರ್. 30 ವ್ಯಾಟ್ ಕೊಟ್ಟು ಕೊಳವೆ ಕೋಣೆಗಿಂತ 60 ಡಿಗ್ರಿ ಹೆಚ್ಚು ಬಿಸಿಯಾಗಿ ನಿಂತರೆ ಒಟ್ಟು ಶಾಖ ವರ್ಗಾವಣೆ ಗುಣಾಂಕ 8ರ ಮೇಲೆ ಸ್ವಲ್ಪ. ಕೊಳವೆ ಇರುವ ಪೆಟ್ಟಿಗೆಯ ಮೇಲೂ ಕೆಳಗೂ ತೆರೆದಿರುತ್ತದೆ. ಸೆಕೆಗೆ ಯಾರೋ ಸೀಲಿಂಗ್ ಫ್ಯಾನ್ ಹಾಕಿದರು ಅಂದುಕೊಳ್ಳಿ, ಅಲ್ಲಿಗೆ ನ್ಯಾಚುರಲ್ ಹೋಗಿ ಫೋರ್ಸ್ಡ್ ಆಯಿತು, ತಾಪಮಾನ ಇಳಿಯಿತು, ಗುಣಾಂಕ ಏರಿತು. ಆದರೆ ಹೋಲಿಸುವುದು ಮಾತ್ರ ನ್ಯಾಚುರಲ್‌ಗೆ ಹೊಂದುವ ಗ್ರಾಶಾಫ್ ಸೂತ್ರದೊಂದಿಗೆ. ಫ್ಯಾನ್ ಆರಿಸಿದ ರೀಡಿಂಗ್ ಒಂದು, ಹಾಕಿದ ರೀಡಿಂಗ್ ಒಂದು ಎಂದು ಎರಡನ್ನೂ ತೆಗೆಸಿದರೆ ಇದೇ ತಪ್ಪು ಒಳ್ಳೆಯ ಪಾಠವಾಗುತ್ತದೆ.

ಎರಡನೆಯದು ವಿಕಿರಣ. ಹೊಸ ಕೊಳವೆಗೆ ಕ್ರೋಮ್ ಹೊಳಪಿರುತ್ತದೆ, ಎಮಿಸಿವಿಟಿ (ಮೇಲ್ಮೈ ವಿಕಿರಣ ಸೂಸುವ ಪ್ರಮಾಣ) 0.1ರ ಹತ್ತಿರ, ವಿಕಿರಣದ ಪಾಲು ಒಂದು ವ್ಯಾಟಿಗಿಂತಲೂ ಕಡಿಮೆ, ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿಗೆ. ಉಪ್ಪು ಗಾಳಿಗೆ ನಾಲ್ಕಾರು ಮಳೆಗಾಲ ಮಂಕಾಗಿ ಎಮಿಸಿವಿಟಿ 0.5 ಆಯಿತೆಂದು ಇಟ್ಟುಕೊಂಡರೆ ಅದು 4ರ ಮೇಲೆ, ಒಟ್ಟಿನ ಅರ್ಧ! ಹಳೆಯ ಸೆಟ್ಟಿನಲ್ಲಿ "ಪ್ರಾಯೋಗಿಕ ಮೌಲ್ಯ ಯಾವಾಗಲೂ ಜಾಸ್ತಿ" ಎನ್ನುವವರು ಕೊಳವೆಯ ಬಣ್ಣವನ್ನು ನೋಡಬೇಕು.

ಸ್ಥಿರ ಸ್ಥಿತಿಗೆ ಬೇಕಾದದ್ದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಕಾಲು ಗಂಟೆಗೇ ರೀಡಿಂಗ್ ಬರೆದರೆ ಹೀಟರಿನ ಶಕ್ತಿಯ ದೊಡ್ಡ ಪಾಲು ಕೊಳವೆಯನ್ನು ಬಿಸಿ ಮಾಡಲಿಕ್ಕೇ ಹೋಗುತ್ತಿರುತ್ತದೆ. ಬ್ಯಾಚ್ ಬರುವ ಒಂದು ಗಂಟೆ ಮೊದಲೇ ಹೀಟರ್ ಹಾಕಿಡಿ, ಮಕ್ಕಳು ಹತ್ತು ಹತ್ತು ನಿಮಿಷಕ್ಕೆ ಬರೆದು ಬದಲಾವಣೆ ಅರ್ಧ ಡಿಗ್ರಿಯೊಳಗೆ ನಿಂತಿದೆ ಎಂದು ತಾವೇ ತೀರ್ಮಾನಿಸಲಿ.

ಮಲ್ಪೆ ಡೀಸೆಲ್

ಐಸಿ ಎಂಜಿನ್ ಲ್ಯಾಬಿನದ್ದೂ ಇದೇ ಕತೆ. 80 ಮಿ.ಮೀ. ಬೋರ್, 110 ಮಿ.ಮೀ. ಸ್ಟ್ರೋಕ್, 1500 ಆರ್‌ಪಿಎಂಗೆ 3.7 ಕಿಲೋವ್ಯಾಟಿನ ಕಿರ್ಲೋಸ್ಕರ್ ಸಿಂಗಲ್ ಸಿಲಿಂಡರ್ ಅನೇಕ ಕಡೆ ಉಂಟು, ರೋಪ್ ಬ್ರೇಕ್ (ಡ್ರಮ್ಮಿಗೆ ಹಗ್ಗ ಸುತ್ತಿ ಲೋಡ್ ಹಾಕುವ ಬ್ರೇಕ್) ಜೊತೆ. ಡ್ರಮ್ 300 ಮಿ.ಮೀ., ಹಗ್ಗ 20 ಮಿ.ಮೀ. ಆದರೆ ತ್ರಿಜ್ಯ 160 ಮಿ.ಮೀ., ಯಾಕೆಂದರೆ ಎಳೆತ ಹಗ್ಗದ ನಡುವಿನಲ್ಲಿ. ಫುಲ್ ಲೋಡಿಗೆ ತೂಕ ಮತ್ತು ಸ್ಪ್ರಿಂಗ್ ಬ್ಯಾಲೆನ್ಸಿನ ವ್ಯತ್ಯಾಸ 15 ಕೆ.ಜಿ. ಬರಬೇಕು. ಹಗ್ಗದ ದಪ್ಪ ಮರೆತು 150 ಹಾಕಿದರೆ ಬ್ರೇಕ್ ಪವರ್ ಶೇ. 6 ಕಡಿಮೆ.

ಇದರಲ್ಲಿ ಅಪಾಯ ಎಂತ ಹೇಳಿದರೆ, ತಪ್ಪು ಉತ್ತರವೂ ನಂಬುವ ಹಾಗೆ ಇರ್ತದೆ. 10 ಸಿ.ಸಿ. ಡೀಸೆಲಿಗೆ 28 ಸೆಕೆಂಡು, ಸಾಂದ್ರತೆ 0.83, ಉಷ್ಣಮೌಲ್ಯ 42.5 ಮೆಗಾಜೂಲ್ ಹಾಕಿದರೆ ದಕ್ಷತೆ ಶೇ. 29.4. ಹಗ್ಗ ಮರೆತವನಿಗೆ 27.5. ಎರಡೂ ಪುಸ್ತಕದ ವ್ಯಾಪ್ತಿಯಲ್ಲೇ. ಹಾಗಾಗಿ ಪುಸ್ತಕಕ್ಕೆ ಹತ್ತಿರ ಬಂದರೆ ಸರಿ ಎನ್ನುವ ಅಭ್ಯಾಸ ತಪ್ಪನ್ನು ಹಿಡಿಯುವುದೇ ಇಲ್ಲ, ಮುಚ್ಚುತ್ತದೆ.

ವಿಲ್ಲನ್ಸ್ ಲೈನ್ (ಲೋಡಿನ ಎದುರು ಇಂಧನದ ಖರ್ಚಿನ ಗೆರೆ, ಅದನ್ನು ಹಿಂದಕ್ಕೆ ಎಳೆದು ಘರ್ಷಣೆಗೆ ಹೋಗುವ ಶಕ್ತಿ ಕಾಣುವುದು) ಎಳೆಯುವವರು ಗಮನಿಸಿ. ಅದೇ 10 ಸಿ.ಸಿ.ಗೆ ನೋ ಲೋಡಿನಲ್ಲಿ 80 ಸೆಕೆಂಡು, ಫುಲ್ ಲೋಡಿಗೆ 28 ಎಂದು ಎರಡೇ ಬಿಂದು ಹಿಡಿದು ಎಳೆದರೆ ಫ್ರಿಕ್ಷನ್ ಪವರ್ 2 ಕಿಲೋವ್ಯಾಟ್ ಬರ್ತದೆ. ಆದರೆ ಫುಲ್ ಲೋಡಿನ ಹತ್ತಿರ ಗೆರೆ ಮೇಲಕ್ಕೆ ಬಾಗುತ್ತದೆ, ಮುಕ್ಕಾಲು ಲೋಡಿನ ತನಕದ ಬಿಂದುಗಳನ್ನೇ ಹಿಡಿಯಬೇಕು. ಆರ್‌ಪಿಎಂ ಪ್ರತಿ ಲೋಡಿಗೂ ಟ್ಯಾಕೋಮೀಟರಿನಲ್ಲಿ ನೋಡಿ ಬರೆಯಿರಿ, ಗವರ್ನರ್ ಇದ್ದರೂ ಲೋಡ್ ಏರಿದ ಹಾಗೆ ಅದು ಇಳಿಯುತ್ತದೆ. ಎಲ್ಲ ಸಾಲಿಗೂ 1500 ಬರೆದ ಅಬ್ಸರ್ವೇಶನ್ ಬುಕ್ ಕಂಡರೆ ಅದು ಎಂಜಿನ್ ಹತ್ತಿರ ನಿಂತು ಬರೆದದ್ದಲ್ಲ.

ಡ್ರಮ್ಮಿಗೆ ನೀರು ಬಿಡದೆ ಲೋಡ್ ಹಾಕಬಾರದು, ಹಗ್ಗ ಹೊಗೆಯಾಡುತ್ತದೆ. ನಿಲ್ಲಿಸುವಾಗ ಲೋಡ್ ತೆಗೆದು ಐದು ನಿಮಿಷ ಓಡಲಿ.

ಹೊಯ್ಗೆಬಜಾರ್

ಫೌಂಡ್ರಿಯವರ ಪರವಾಗಿ, ಅಚ್ಚಿನ ಹೊಯ್ಗೆಯ (ಮರಳಿನ) ವಿಷಯ. ಮ್ಯಾನುಯಲಿನಲ್ಲಿ "ಹೊಯ್ಗೆಗೆ ಶೇ. 5 ನೀರು" ಎಂದಿರುತ್ತದೆ. ಜುಲೈಯಲ್ಲಿ ಶೆಡ್ಡಿನ ರಾಶಿಯಲ್ಲಿ ಮೊದಲೇ ಶೇ. 3 ಇದ್ದರೆ ಮಿಶ್ರಣದಲ್ಲಿ 8ರ ಹತ್ತಿರ ಆಯಿತು. ಗ್ರೀನ್ ಸ್ಟ್ರೆಂತ್ (ಹಸಿ ಅಚ್ಚಿನ ಗಟ್ಟಿತನ) ಬೀಳುತ್ತದೆ, ಪರ್ಮಿಯಬಿಲಿಟಿಯೂ (ಗಾಳಿ ಹಾಯಲು ಬಿಡುವ ಗುಣ) ಬೀಳುತ್ತದೆ, ಎರಕದಲ್ಲಿ ಗಾಳಿಗುಳ್ಳೆ. ಹಾಗಾಗಿ ಮೊದಲ ಕೆಲಸ 50 ಗ್ರಾಂ ತೂಗಿ 105ರಿಂದ 110 ಡಿಗ್ರಿಯಲ್ಲಿ ಒಣಗಿಸಿ ಪುನಃ ತೂಗುವುದು. ಪ್ರಯೋಗ ಒಂದೇ, ಜನವರಿಯಲ್ಲೂ ಜುಲೈಯಲ್ಲೂ ಮಾಡಿಸಿ ಹೋಲಿಸಿದರೆ ಇನ್ನೂ ಒಳ್ಳೆಯದು.

ಪರ್ಮಿಯಬಿಲಿಟಿಗೆ 50.8 ಮಿ.ಮೀ. ವ್ಯಾಸ, ಅಷ್ಟೇ ಎತ್ತರದ ಸ್ಪೆಸಿಮೆನ್, ಮೂರು ಪೆಟ್ಟು. 2000 ಸಿ.ಸಿ. ಗಾಳಿ 10 ಗ್ರಾಂ ಒತ್ತಡದಲ್ಲಿ ಹಾಯಲು 30 ಸೆಕೆಂಡು ಹಿಡಿದರೆ ಸಂಖ್ಯೆ 100. ಮೂರರ ಬದಲು ನಾಲ್ಕು ಪೆಟ್ಟು ಹಾಕಿದರೆ ಎಷ್ಟಾಗುತ್ತದೆ ಎಂದು ಬೇಕೆಂದೇ ಮಾಡಿಸಿ ನೋಡಿ. ಪುಸ್ತಕದಲ್ಲಿ ಮೂರು ಎಂದು ಯಾಕೆ ಹೇಳಿದ್ದಾರೆ ಎಂದು ಆಗ ಹೊಳೆಯುತ್ತದೆ.

ಕಡಲ ಹೊಯ್ಗೆ ಹತ್ತಿರದಲ್ಲೇ ಸಿಗುತ್ತದೆಂದು ತರುವವರು ಚಿಪ್ಪಿನ ಚೂರು ನೋಡಿಕೊಳ್ಳಿ. ಚಿಪ್ಪು ಸುಣ್ಣಕಲ್ಲಿನ ಜಾತಿ, 800 ಡಿಗ್ರಿ ದಾಟಿದ ಮೇಲೆ ಒಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಕಾಲೇಜಿನಲ್ಲಿ ಅಲ್ಯೂಮಿನಿಯಂ 700ರಿಂದ 750ಕ್ಕೆ ಹೊಯ್ಯುವುದರಿಂದ ದೋಷ ಕಾಣುವುದಿಲ್ಲ. ಅದೇ ಹೊಯ್ಗೆಗೆ ಬೀಡುಕಬ್ಬಿಣ ಹೊಯ್ದರೆ ಎರಕ ತುಂಬ ತೂತು.

ಪಡುಬಿದ್ರಿ ಗಾಳಿಯಂತ್ರ

ಇಷ್ಟೆಲ್ಲ ರಿಪೇರಿ, ಸಮಯ, ಖರ್ಚು. ವರ್ಚುವಲ್ ಲ್ಯಾಬ್ ಇದೆಯಲ್ಲ? ಕೇಂದ್ರ ಶಿಕ್ಷಣ ಸಚಿವಾಲಯದ ಆ ಯೋಜನೆಯಲ್ಲಿ ನಮ್ಮ ಸುರತ್ಕಲ್ಲಿನ ಎನ್‌ಐಟಿಕೆಯೂ ಪಾಲುದಾರ ಸಂಸ್ಥೆ. ಒಂದೇ ಸೆಟ್ಟಿಗೆ 20 ಮಂದಿ ಮುತ್ತಿ, 16 ಮಂದಿ ಬೆನ್ನು ನೋಡುತ್ತ ನಿಲ್ಲುವುದಕ್ಕಿಂತ ಪ್ರತಿಯೊಬ್ಬರೂ ಪರದೆಯ ಮೇಲೆ ತಾವೇ ಮಾಡುವುದು ಉತ್ತಮ ಎನ್ನುತ್ತೇನೆ.

ಕಡಲತಡಿ

ಹಿಂದಿನ ದಿನಕ್ಕೆ ಒಳ್ಳೆಯದು, ಒಪ್ಪುತ್ತೇನೆ. ವಾಲ್ವ್ ಯಾವುದು, ಸೂತ್ರ ಯಾವುದು ಎಂದು ಮನೆಯಲ್ಲೇ ಕಲಿತು ಬಂದರೆ ಲ್ಯಾಬಿನ ಮೊದಲ ಅರ್ಧ ಗಂಟೆ ಉಳಿಯುತ್ತದೆ. ಆದರೆ ಮೇಲಿನ ಪೋಸ್ಟ್‌ಗಳನ್ನು ಇನ್ನೊಮ್ಮೆ ಓದಿ. ಕಟ್ಟಿದ ತೂತು, ಮಂಕಾದ ಕೊಳವೆ, ಒದ್ದೆ ಹೊಯ್ಗೆ, ಇವು ಪ್ರೋಗ್ರಾಂ ಬರೆದವರು ಹಾಕಿದರೆ ಮಾತ್ರ ಪರದೆಯಲ್ಲಿ ಇರುತ್ತವೆ. ಫೈಸಲ್ ಮತ್ತು ರೋಸಾ 2005ರಲ್ಲಿ ಪ್ರಕಟಿಸಿದ ಎಂಜಿನಿಯರಿಂಗ್ ಲ್ಯಾಬಿನ 13 ಉದ್ದೇಶಗಳಲ್ಲಿ ವೈಫಲ್ಯದಿಂದ ಕಲಿಯುವುದೂ ಕಣ್ಣು ಕಿವಿ ಮೂಗಿನಿಂದ ಗ್ರಹಿಸಿ ನಿರ್ಣಯಿಸುವುದೂ ಬೇರೆ ಬೇರೆ ಉದ್ದೇಶಗಳಾಗಿಯೇ ಇವೆ. ಹಗ್ಗದ ಹೊಗೆ ವಾಸನೆ ಮೊದಲು ಬರುವುದು ಮೂಗಿಗೆ.

ಬೆನ್ನು ನೋಡುವ 16 ಮಂದಿಯ ವಿಷಯ ನಿಜ. ನಾಲ್ಕು ನಾಲ್ಕು ಮಂದಿಯ ಗುಂಪು, ಐದು ಬೇರೆ ಬೇರೆ ಸೆಟ್ಟು, ವಾರ ವಾರ ತಿರುಗಲಿ. ಗುಂಪಿನಲ್ಲಿ ಒಬ್ಬರು ವಾಲ್ವ್, ಒಬ್ಬರು ಗಡಿಯಾರ, ಒಬ್ಬರು ಮ್ಯಾನೋಮೀಟರ್, ಒಬ್ಬರು ಗ್ರಾಫ್. ಪ್ರತಿ ರೀಡಿಂಗಿಗೆ ಕೆಲಸ ಬದಲಾಗಬೇಕು.

ಕುಲಶೇಖರ ಮೆಟ್ರಾಲಜಿ

ಎರಡು ಲೆಕ್ಕ ಮಾತ್ರ. ಯುಟಿಎಂನಲ್ಲಿ (ಸರಳನ್ನು ಎಳೆದು ಪರೀಕ್ಷಿಸುವ ಯಂತ್ರ) 10 ಮಿ.ಮೀ. ಉಕ್ಕಿನ ಸರಳಿಗೆ 10 ಕಿಲೋನ್ಯೂಟನ್ ಹಾಕಿದರೆ 50 ಮಿ.ಮೀ. ಗೇಜ್ ಉದ್ದ (ಅಳತೆಗೆ ಗುರುತಿಸಿದ ಭಾಗ) ಹಿಗ್ಗುವುದು 0.032 ಮಿ.ಮೀ. ಯಂತ್ರದ ಸ್ಕೇಲ್ ತೋರಿಸುವ ಚಲನೆಯಲ್ಲಿ ಹಿಡಿತ ಜಾರಿದ್ದೂ ಫ್ರೇಮ್ ಹಿಗ್ಗಿದ್ದೂ ಸೇರಿರುತ್ತದೆ, ಅದರಿಂದ ಯಂಗ್ಸ್ ಮಾಡ್ಯುಲಸ್ ಲೆಕ್ಕ ಹಾಕಿದರೆ 200 ಗಿಗಾಪಾಸ್ಕಲ್ ಬದಲು ಅದರ ಸಣ್ಣದೊಂದು ಪಾಲು ಬರುತ್ತದೆ. ಸರಳಿಗೇ ಸಿಕ್ಕಿಸಿ ಹಿಗ್ಗು ಅಳೆಯುವ ಎಕ್ಸ್‌ಟೆನ್ಸೋಮೀಟರ್ ಬೇಕು, ಯೀಲ್ಡ್ ಆದ (ಸರಳು ಶಾಶ್ವತವಾಗಿ ಹಿಗ್ಗಲು ತೊಡಗಿದ) ಕೂಡಲೇ ಬಿಚ್ಚಬೇಕು, ತುಂಡಾಗುವ ತನಕ ಬಿಟ್ಟರೆ ಅದೂ ಹೋಗುತ್ತದೆ.

ಸ್ಲಿಪ್ ಗೇಜಿನ (ನಿಖರ ದಪ್ಪದ ಅಳತೆಯ ತುಂಡು) ಅಳತೆ 20 ಡಿಗ್ರಿಗೆ. ಇಲ್ಲಿನ ಕೋಣೆ 30 ಡಿಗ್ರಿ. ಉಕ್ಕಿನ ತುಂಡನ್ನು ಉಕ್ಕಿನ ಗೇಜಿನಲ್ಲಿ ಅಳೆದರೆ ಎರಡೂ ಒಂದೇ ಸಮ ಹಿಗ್ಗಿ ಲೆಕ್ಕ ಸರಿಹೋಗುತ್ತದೆ. 100 ಮಿ.ಮೀ. ಅಲ್ಯೂಮಿನಿಯಂ ಅಳೆದರೆ 11 ಮೈಕ್ರಾನಿಗೂ ಹೆಚ್ಚು ವ್ಯತ್ಯಾಸ. ಕೆಲಸ ಮುಗಿದ ಮೇಲೆ ಬೆವರಿನ ಗುರುತು ಒರೆಸಿ ಪೆಟ್ರೋಲಿಯಂ ಜೆಲ್ಲಿ ಹಚ್ಚದೆ ಪೆಟ್ಟಿಗೆ ಮುಚ್ಚಬೇಡಿ, ನಮ್ಮ ಗಾಳಿಗೆ ತುಕ್ಕು ಹಿಡಿಯಲು ಒಂದು ವಾರ ಬೇಡ.

ನೀರಲೆಕ್ಕ

ಎಲ್ಲರಿಗೂ ಮನಸಾರೆ ವಂದನೆ. ಮುಂದಿನ ಬ್ಯಾಚಿಗೆ ಹೀಗೆ ಮಾಡುತ್ತೇನೆ. ಮ್ಯಾನುಯಲಿನಿಂದ ಸರಾಸರಿಯ ಸಾಲು ತೆಗೆದು ಹರಿವಿನ ವರ್ಗದ ಗ್ರಾಫ್. ಮೊದಲ ಹತ್ತು ನಿಮಿಷ ಸೊನ್ನೆ ಪರೀಕ್ಷೆ ಮತ್ತು ಡ್ರೈನ್ ಪರೀಕ್ಷೆ, ಎರಡನ್ನೂ ಮಕ್ಕಳೇ ಬರೆದು ಸಹಿ ಹಾಕಬೇಕು. ನಿಧಾನದ ಹರಿವಿಗೆ 100 ಮಿ.ಮೀ. ಬದಲು 200 ಮಿ.ಮೀ. ಏರುವ ತನಕ ಸಮಯ. ಒಂದು ಗುಂಪಿಗೆ ಹೇಳದೆಯೇ ಮ್ಯಾನೋಮೀಟರಿನಲ್ಲಿ ಸ್ವಲ್ಪ ಗಾಳಿ ಬಿಟ್ಟಿರುತ್ತೇನೆ, ಗ್ರಾಫ್ ನೋಡಿ ಎಷ್ಟು ಉದ್ದದ ಗುಳ್ಳೆ ಎಂದು ಹೇಳಲಿ.

ಬೈಕಂಪಾಡಿ ಫಿಟ್ಟರ್

ಗಾಳಿ ಬಿಡುದಾದರೆ ಥ್ರೋಟಿನ ಕಡೆಯ ಕಾಲಿಗೆ ಬಿಡಿ ಸರ್, ನಳಿಗೆಯ ಅಡ್ಡ ಮಲಗಿದ ಭಾಗದಲ್ಲಿ ನಿಂತರೆ ಗ್ರಾಫಿನಲ್ಲಿ ಎಂತದೂ ಕಾಣುದಿಲ್ಲ. ಮತ್ತೆ 200 ಮಿ.ಮೀ. ಏರಿಸುವ ಮೊದಲು ಟ್ಯಾಂಕಿನ ಓವರ್‌ಫ್ಲೋ ಪೈಪ್ ಎಷ್ಟು ಎತ್ತರದಲ್ಲಿ ಉಂಟು ಅಂತ ಒಮ್ಮೆ ಅಳೆದುಕೊಳ್ಳಿ.